ಕಮ್ಮಾರರ ಬಯಲಿನ ಆರು ಒಲೆಗಳು

ಇದು ಶುರುವಾದದ್ದು ಕಾರ್ತೀಕ ಮುಗಿದು ಚಳಿ ಕೂತ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ. ಮುನ್ಸಿಪಾಲಿಟಿಯ ಜವಾನ ಸೈಕಲ್ಲಿನಲ್ಲಿ ಬಂದು ನಮ್ಮ ಗಾಣದ ಬೀದಿಯ ಲೈಟುಕಂಬಕ್ಕೆ ಒಂದು ಕಾಗದ ಅಂಟಿಸಿ ಹೋದ. ನಾನು ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದೆ. ಓದಿದ್ದು ಮೂರನೇ ಕ್ಲಾಸು, ಅಂಥ ಕಾಗದಗಳ ಹತ್ತಿರ ನಾನು ಹೋಗುವುದಿಲ್ಲ. ಯಾರಾದರೂ ಓದಿ ಬೈದುಕೊಂಡ ಮೇಲೆ ವಿಷಯ ತಾನಾಗಿ ನನ್ನವರೆಗೆ ಬರುತ್ತದೆ. ಅವತ್ತೂ ಹಾಗೇ ಬಂತು.

ಓದಿದವನು ಚನ್ನವೀರಪ್ಪ, ನಮ್ಮ ಬೀದಿ ಸಂಘದ ಅಧ್ಯಕ್ಷ. ಕನ್ನಡಕ ಹಣೆಗೇರಿಸಿಕೊಂಡು ನನ್ನ ಪಕ್ಕದಲ್ಲೇ ಬಂದು ಕೂತ.

“ರಾಚಪ್ಪಣ್ಣ, ಊರಿಗೆ ಹೊಸ ಪ್ಲಾನ್ ಮಾಡವ್ರಂತೆ. ನಮ್ಮ ಹಿಂದಿನ ಬಯಲಿಗೆ ಬಣ್ಣ ಬಳಿದು, ಅಲೆಮಾರಿ ಜನರ ತಂಗುದಾಣ ಅಂತ ಬರೆದವ್ರೆ.”

“ಅಲ್ಲಿ ಕಮ್ಮಾರರು ತಂಗೋದು ಹೊಸದೇನಪ್ಪ?”

“ತಂಗೋದು ಹಳೇದು, ಕಾಗದ ಹೊಸದು. ಇಷ್ಟು ದಿನ ಬರ್ತಿದ್ರು, ಹೋಗ್ತಿದ್ರು. ಕಾಗದ ಕೈಗೆ ಬಂದಮೇಲೆ ಎದ್ದು ಹೋಗ್ತಾರೇನಣ್ಣ? ಇವತ್ತು ಗುಡಾರ ಹಾಕ್ದೋರು ನಾಳೆ ಗೋಡೆ ಕಟ್ತಾರೆ.”

ಚನ್ನವೀರಪ್ಪ ಕೆಟ್ಟವನಲ್ಲ. ಆ ಬಯಲಿನಲ್ಲಿ ಬೀದಿಗೊಂದು ಸಮುದಾಯ ಭವನ ಕಟ್ಟಿಸಬೇಕೆಂದು ಹತ್ತು ವರ್ಷದಿಂದ ಅರ್ಜಿ ಹಿಡಿದು ಓಡಾಡಿದವನು. ಅವನ ಮಗಳ ಮದುವೆಯನ್ನು ಬೀದಿಯಲ್ಲೇ ಚಪ್ಪರ ಹಾಕಿ ಮಾಡಿದ್ದೆವು. ಅಡುಗೆ ನನ್ನದೇ. ಎರಡನೇ ಪಂಕ್ತಿ ಕೂತಾಗ ಮಳೆ ಹೊಡೆದು, ಬೀಗರ ಎಲೆಯ ಮೇಲಿನ ಸಾರು ಹರಿದು ಚರಂಡಿ ಸೇರಿತು. ಅದನ್ನು ಅವನು ಮರೆತಿಲ್ಲ, ನಾನೂ ಮರೆತಿಲ್ಲ.

ನಮ್ಮ ಊರಿನಲ್ಲಿ ಒಂದೇ ಜಾಗದಲ್ಲಿ ಮೂರು ವರ್ಷ ಒಲೆ ಉರಿದರೆ ಆ ಜಾಗದ ನೆಲ ಬಿಸಿ ಹಿಡಿದುಕೊಳ್ಳುತ್ತದೆ. ಆಮೇಲೆ ಬೆಂಕಿ ಆರಿಸಿದರೂ ಹನ್ನೊಂದು ತಿಂಗಳು ಬಿಸಿ ಇರುತ್ತದೆ. ಅಷ್ಟರೊಳಗೆ ಮತ್ತೆ ಬೆಂಕಿ ಕಂಡರೆ ಇನ್ನು ಹನ್ನೊಂದು ತಿಂಗಳು. ಕಾಣದಿದ್ದರೆ ಒಂದು ವಾರದಲ್ಲಿ ತಣ್ಣಗಾಗಿ ಉಳಿದ ಮಣ್ಣಿನ ಹಾಗೇ ಆಗುತ್ತದೆ. ಬಿಸಿ ನೆಲ ಒಲೆ ಹೂಡಿದವರದು, ತಣ್ಣನೆಯ ನೆಲ ಮುನ್ಸಿಪಾಲಿಟಿಯದು. ಅದು ಹಿಂದಿನಿಂದ ಬಂದ ಕಟ್ಟಳೆ. ಗ್ಯಾಸ್ ಬಂದ ಮೇಲೂ ನಮ್ಮಲ್ಲಿ ಪ್ರತಿ ಮನೆಯವರೂ ಹಿತ್ತಲಲ್ಲಿ ವಾರಕ್ಕೊಮ್ಮೆ ಸ್ನಾನದ ನೀರಿಗೆ ಸೌದೆ ಹಚ್ಚುತ್ತಾರೆ. ಮನೆ ಕೊಂಡವರು ಹಳಬರ ಅಡುಗೆಮನೆಯ ನೆಲ ಆರುವವರೆಗೆ ನಡುಮನೆಯಲ್ಲಿ ಅನ್ನ ಮಾಡಿಕೊಳ್ಳುತ್ತಾರೆ. ಅಳತೆಗೆ ಬರುವ ಮೋಜಣಿಯವನು ಚಪ್ಪಲಿ ಹಾಕುವ ಹಾಗಿಲ್ಲ.

ಬೀದಿಯ ಹಿಂದಿನ ಬಯಲಿನಲ್ಲಿ ಅಂಥ ಬಿಸಿ ಜಾಗಗಳು ಆರು. ಐದು ಅಡುಗೆ ಒಲೆಯವು, ಒಂದು ಕುಲುಮೆಯದು. ಕೆರೆ ಏರಿ ಒಡೆದ ವರ್ಷ ಬೈಲು ಕಮ್ಮಾರರ ಮುದುಕಿಯೊಬ್ಬಳು ಅಲ್ಲಿ ಮೊದಲ ಒಲೆ ಹೂಡಿದ್ದನ್ನು ನಾನು ಚಿಕ್ಕವನಿದ್ದಾಗ ಕಂಡಿದ್ದೇನೆ. ಈಗ ಆ ಗುಂಪಿಗೆ ಹಿರಿಯಳು ಅವಳ ಸೊಸೆ ದುರುಗವ್ವ. ವರ್ಷಕ್ಕೊಂದು ಸಲ, ಚಳಿಗಾಲದಲ್ಲಿ, ಬರುತ್ತಾರೆ. ಒಂದು ತಿಂಗಳು ಕುಡುಗೋಲು, ಕೊಡಲಿ, ಈಳಿಗೆ ಮಣೆಯ ಅಲಗು ಕಾಯಿಸಿ ಬಡಿದು ಹದ ಮಾಡಿಕೊಟ್ಟು ಹೋಗುತ್ತಾರೆ. ಅವರು ಇಲ್ಲದ ಹನ್ನೊಂದು ತಿಂಗಳು ನಮ್ಮ ಹೆಂಗಸರು ಆ ಬಿಸಿ ಜಾಗಗಳ ಮೇಲೆ ಮೋಡದ ದಿನ ಸಂಡಿಗೆ ಒಣಗಿಸುತ್ತಾರೆ. ಮೊಸರು ಹೆಪ್ಪುಗಟ್ಟದಿದ್ದರೆ ಪಾತ್ರೆ ತಂದು ಇಟ್ಟು ಹೋಗುತ್ತಾರೆ. ಅದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ.

ಕಾಗದದಲ್ಲಿ ಆಕ್ಷೇಪಣೆಗೆ ಮೂವತ್ತು ದಿನ ಕೊಟ್ಟಿದ್ದರು. ನಾಲ್ಕನೇ ದಿನಕ್ಕೆ ನಾವು ಬೀದಿಯ ಏಳು ಜನ ಸೇರಿ ವಕೀಲರ ಹತ್ತಿರ ಹೋದೆವು. ಹಿರಿಯನೊಬ್ಬ ಇರಲಿ ಎಂದು ನನ್ನನ್ನೂ ಕರೆದುಕೊಂಡಿದ್ದರು. ವಕೀಲೆ ಸರ್ವಮಂಗಳಮ್ಮನ ಆಫೀಸು ಮಹಡಿಯ ಮೇಲಿದೆ. ಕೆಳಗಿದ್ದರೆ ಯಾರ ನೆಲ ಎಷ್ಟು ಬಿಸಿ ಎಂದು ಕಾಲಿಗೆ ಮೊದಲೇ ಗೊತ್ತಾಗಿ ಬುದ್ಧಿ ಒಂದು ಕಡೆ ವಾಲುತ್ತದೆ ಎನ್ನುವುದು ಆಕೆಯ ಮಾತು. ಕಾಗದವನ್ನು ಎರಡು ಸಲ ಓದಿದರು.

“ಊರಿಗೊಂದು ತಂಗುದಾಣ ಗುರುತಿಸಲೇಬೇಕು ಅಂತ ಸರ್ಕಾರದ ಆದೇಶ ಇದೆ. ಅದನ್ನ ಪ್ರಶ್ನೆ ಮಾಡೋಕಾಗಲ್ಲ. ಆದರೆ ಇದೇ ಜಾಗ ಯಾಕೆ ಅಂತ ಕೇಳಬಹುದು.”

“ಅದನ್ನೇ ಕೇಳಿ ಲಾಯರಮ್ಮ,” ಎಂದ ಚನ್ನವೀರಪ್ಪ.

“ಕೇಳಿದರೆ ಮುನ್ಸಿಪಾಲಿಟಿಯವರು ಹೇಳೋದು ಒಂದೇ. ಕಮ್ಮಾರರು ವಾಡಿಕೆಯಾಗಿ ತಂಗುವ ಜಾಗ ಇದು, ನೆಲ ಬಿಸಿ ಇದೆ ಅಂತ. ಅಳತೆಗೆ ಬಂದ ದಿನ ನೆಲ ಬಿಸಿ ಇದ್ದರೆ ನಿಮ್ಮ ಅರ್ಜಿ ನಿಲ್ಲಲ್ಲ.”

“ತಣ್ಣಗಿದ್ದರೆ?”

“ತಣ್ಣಗಿದ್ದರೆ ವಾಡಿಕೆ ತಪ್ಪಿದೆ ಅಂತ ಆಯ್ತು. ಮುನ್ಸಿಪಾಲಿಟಿ ಬೇರೆ ಕಡೆ ನೋಡಬೇಕಾಗುತ್ತೆ.”

ಚನ್ನವೀರಪ್ಪ ಮೆತ್ತಗೆ ಕೇಳಿದ: “ಹಂಗಾರೆ ನಾವೇನ್ ಮಾಡ್ಬೇಕು?”

“ಕಾನೂನು ಏನು ಹೇಳುತ್ತೆ ಅಂತ ಕೇಳಿದ್ರಿ, ಹೇಳಿದೆ. ಏನು ಮಾಡಬೇಕು ಅನ್ನೋದಕ್ಕೆ ನನ್ನ ಹತ್ತಿರ ಪುಸ್ತಕ ಇಲ್ಲ,” ಎಂದು ಸರ್ವಮಂಗಳಮ್ಮ ಕನ್ನಡಕ ತೆಗೆದಿಟ್ಟರು.

ಮೆಟ್ಟಿಲು ಇಳಿಯುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಕಮ್ಮಾರರು ಹೋದ ವರ್ಷ ಬೆಂಕಿ ಆರಿಸಿ ಹನ್ನೊಂದು ತಿಂಗಳಾಗುತ್ತಾ ಬಂದಿತ್ತು. ಅವರು ಬರುವುದೇ ಬಿಸಿ ಕೊನೆಗೆ ಬಂದಾಗ. ಬಂದ ದಿನವೇ ಒಲೆ ಹಚ್ಚುತ್ತಾರೆ. ಹತ್ತು ದಿನ ಹಚ್ಚದ ಹಾಗೆ ನೋಡಿಕೊಂಡರೆ ಸಾಕು.

ಜಗಳ ಮಾಡಿ ತಡೆಯುವುದು ಯಾರಿಗೂ ಬೇಕಿರಲಿಲ್ಲ. ಚನ್ನವೀರಪ್ಪನೇ ದಾರಿ ಹುಡುಕಿದ. ಬಯಲಿನಲ್ಲಿ ಏಳು ದಿನದ ಭಜನೆ ಸಪ್ತಾಹ, ಬಂದವರಿಗೆಲ್ಲ ಊಟ. ದೇವರ ಕೆಲಸಕ್ಕೆ ಪೆಂಡಾಲು ಹಾಕಿದರೆ ಎಬ್ಬಿಸುವವರು ಯಾರು. ಅಡುಗೆಗೆ ನಾನೇ. ನಮ್ಮ ಬೀದಿಯ ಮದುವೆ, ನಾಮಕರಣ, ತಿಥಿ ಎಲ್ಲಕ್ಕೂ ನಲವತ್ತು ವರ್ಷದಿಂದ ನಾನೇ ಸೌಟು ಹಿಡಿದವನು. ಇಲ್ಲ ಅನ್ನಲಿಲ್ಲ. ಅನ್ನಬೇಕಿತ್ತು ಎಂದು ಆಮೇಲೆ ಅನ್ನಿಸಿತು, ಆದರೆ ಆಮೇಲೆ ಅನ್ನಿಸಿದ್ದನ್ನು ಮೊದಲೇ ಅನ್ನಿಸಿತ್ತು ಎಂದು ಹೇಳುವುದು ಸರಿಯಲ್ಲ.

ಸಪ್ತಾಹದ ಮೊದಲ ದಿನ ಬೆಳಗಿನ ಜಾವ ನಾನು ಬಯಲಿಗೆ ಹೋದೆ. ಅಡುಗೆಯವರು ಮೊದಲು ಮಾಡುವ ಕೆಲಸ ಒಲೆಗೆ ಜಾಗ ನೋಡುವುದು. ಯಾವ ಮನೆಗೆ ಹೋದರೂ ಹಿತ್ತಲಲ್ಲಿ ಬರಿಗಾಲಲ್ಲಿ ಅಡ್ಡಾಡಿ, ಆ ಮನೆಯವರ ಬಿಸಿ ನೆಲ ಸಿಕ್ಕಿದ ಕಡೆ ಗುದ್ದಲಿ ಹಾಕುತ್ತೇನೆ. ಅಲ್ಲಿ ಸೌದೆ ಅರ್ಧಕ್ಕರ್ಧ ಉಳಿಯುತ್ತದೆ, ಅನ್ನ ತಳದಿಂದ ಮೇಲಿನವರೆಗೂ ಒಂದೇ ಸಮ ಬೇಯುತ್ತದೆ. ತಣ್ಣನೆಯ ನೆಲದ ಮೇಲೆ ದೊಡ್ಡ ಅಡುಗೆ ಮಾಡಿದವರನ್ನು ನಮ್ಮ ಊರಿನಲ್ಲಿ ನಾನು ಕಂಡಿಲ್ಲ. ಅವತ್ತೂ ಚಪ್ಪಲಿ ಬಿಟ್ಟು ಅಡ್ಡಾಡಿದೆ. ಕಾಲು ಎಲ್ಲಿ ನಿಂತಿತೋ ಅಲ್ಲಿ ಅಗೆದೆ. ಅನ್ನಕ್ಕೊಂದು, ಸಾರಿಗೊಂದು, ಪಲ್ಯಕ್ಕೊಂದು, ಪಾಯಸಕ್ಕೊಂದು, ಬಿಸಿನೀರಿಗೊಂದು, ಹಪ್ಪಳದ ಬಾಣಲೆಗೊಂದು. ಆರು ಒಲೆ ಹೊತ್ತಿಕೊಂಡವು. ಚನ್ನವೀರಪ್ಪ ಬಂದು ಎರಡು ಸಲ ನೋಡಿಕೊಂಡು, ಉಪ್ಪು ನೋಡಿ, ಚೆನ್ನಾಗೈತೆ ಅಂದು ಹೋದ. ಭಜನೆಯವರೆಲ್ಲ ಬಂದು ಉಂಡು ಹೋದರು. ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಕಮ್ಮಾರರು ಬಂದದ್ದು ಅವತ್ತೇ ಮಧ್ಯಾಹ್ನ. ಎರಡು ಎತ್ತಿನ ಗಾಡಿ, ಒಂದು ಹಳೇ ಟೆಂಪೊ. ಪೆಂಡಾಲು ನೋಡಿ ನಿಂತರು. ಚನ್ನವೀರಪ್ಪ ಎದುರು ಹೋಗಿ ಕೈ ಮುಗಿದು, ದೇವರ ಕೆಲಸ ನಡೆದೈತೆ, ಮುಗಿಯೋವರೆಗೆ ಬೇರೆ ಕಡೆ ಇರಿ ಅಂದ. ಅವರು ಹೋಗಿ ಕೆರೆ ಏರಿಯ ಪಕ್ಕ ಗಾಡಿ ಬಿಟ್ಟರು. ದುರುಗವ್ವ ಬಯಲಿಗೆ ಬಂದದ್ದು ಮೂರನೇ ದಿನ, ಅನ್ನ ಕುದಿಯುವ ಹೊತ್ತಿಗೆ. ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಚನ್ನವೀರಪ್ಪನ ಮುಂದೆ ನಿಂತಳು.

“ಯಪ್ಪಾ, ನಿಮ್ಮ ಭಜನಿ ಎಂದು ಮುಗಿತೈತಿ?”

“ಇನ್ನು ನಾಲ್ಕು ದಿನ. ಆಮೇಲೆ ಪೆಂಡಾಲು ಬಿಚ್ಚೋಕೆ ಮೂರ್ನಾಲ್ಕು ದಿನ.”

“ನಮ್ಮ ಒಲಿ ಆರಿ ಹನ್ನೊಂದು ತಿಂಗಳು ತುಂಬತೈತಿ ನಾಳಿಗೆ. ಒಂದು ಮೂಲ್ಯಾಗ ಹಿಡಿ ಕಡ್ಡಿ ಹಚ್ಚಿ ಹೋಗ್ತೀವಿ, ನಿಮ್ಮ ದೇವರಿಗೆ ಹೊಗಿ ತಾಗಂಗಿಲ್ಲ.”

“ಈಗ ಬೇಡಮ್ಮ. ದೇವರ ಕೆಲಸದ ಜಾಗ.”

ಅವಳು ದನಿ ಏರಿಸಲಿಲ್ಲ. “ನೋಡಪ್ಪ, ವರ್ಷದಾಗ ಹನ್ನೊಂದು ತಿಂಗಳು ನಮ್ಮನ್ನ ಎಬ್ಬಸ್ತಾರ. ಎರಡು ದಿನ ಕುಂತ್ರ ಮೂರನೇ ದಿನ ಯಾರರ ಬಂದು ಕೋಲು ಬಡೀತಾರ. ಇದೊಂದು ಕಡೆ ಒಂದು ತಿಂಗಳು ಯಾರೂ ಎಬ್ಬಸಂಗಿಲ್ಲ. ಮದುವಿ ಮಾತು, ಮುರಿದ ಗಾಲಿ, ಬಾಣಂತಿ ಎರೆಯೂದು, ಎಲ್ಲಾ ಈ ತಿಂಗಳಿಗೇ ಇಟ್ಕೊಂಡಿರ್ತೀವಿ. ನೆಲ ತಣ್ಣಗಾತು ಅಂದ್ರ ನಮಗ ಹನ್ನೆರಡು ತಿಂಗಳೂ ಒಂದ ಆಗತೈತಿ.”

ಚನ್ನವೀರಪ್ಪ ನೆಲ ನೋಡಿದ. “ಊಟ ಮಾಡ್ಕೊಂಡು ಹೋಗಮ್ಮ,” ಎಂದು ಹೇಳಿ ಭಜನೆಯ ಕಡೆ ಹೋದ.

ದುರುಗವ್ವ ತಿರುಗಿದಳು. ತಿರುಗಿದವಳು ನನ್ನ ಒಲೆಗಳ ಕಡೆ ನೋಡುತ್ತಾ ನಿಂತುಬಿಟ್ಟಳು. ಅನ್ನದ ಕೊಪ್ಪರಿಗೆ ನೋಡಿದಳು, ಸಾರು ನೋಡಿದಳು, ಬಾಣಲೆ ನೋಡಿದಳು. ಒಂದೊಂದಾಗಿ ಆರನ್ನೂ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆಗ ನಾನು ಕೊಪ್ಪರಿಗೆಯ ಕೆಳಗೆ ಕಣ್ಣು ಹಾಯಿಸಿದೆ. ಬೂದಿಯ ಅಂಚಿನಲ್ಲಿ ಕರಿಯ ಕಬ್ಬಿಣದ ಕಿಟ್ಟ, ಕುಲುಮೆಯದು, ಅಂಗೈಯಷ್ಟು. ನಾನು ಅನ್ನ ಬೇಯಿಸುತ್ತಿದ್ದದ್ದು ಅವಳ ಗಂಡ ಕಬ್ಬಿಣ ಕಾಯಿಸಿದ ಗುಂಡಿಯ ಮೇಲೆ.

“ಅನ್ನ ಚಲೋ ಬೇಯಾಕತ್ತೈತಿ, ಅಣ್ಣಾ,” ಎಂದಳು ದುರುಗವ್ವ.

“ಹೂಂ, ಬೇಯ್ತಾ ಐತೆ ತಾಯಿ.”

“ಏಳೂ ದಿನ ಬೇಯಸ್ತಿ?”

ನಾನು ಸೌಟು ತಿರುವಿದೆ. ಒಲೆಗಳನ್ನು ತಣ್ಣನೆಯ ನೆಲದ ಕಡೆಗೆ ಸರಿಸುವುದಕ್ಕೆ ಅರ್ಧ ದಿನ ಸಾಕಾಗಿತ್ತು. ಬಯಲು ದೊಡ್ಡದು. “ಏಳು ದಿನ ಅಂತ ಒಪ್ಕೊಂಡಿದೀನಿ,” ಅಂದೆ. ಅವಳು ಎಲೆಯ ಮುಂದೆ ಕೂತು ನಿಧಾನವಾಗಿ ಉಂಡು, ಕೈ ತೊಳೆದುಕೊಂಡು, ಕೆರೆ ಏರಿಗೆ ಹೋದಳು. ಮತ್ತೆ ಕೇಳಲು ಬರಲಿಲ್ಲ. ಜಗಳಕ್ಕೆ ಬರುತ್ತಾರೆ ಎಂದು ಕಾದಿದ್ದ ನಮ್ಮ ಬೀದಿಯವರಿಗೆ ಆಶ್ಚರ್ಯವಾಯಿತು. ಒಳ್ಳೇ ಜನ, ಹೇಳಿದರೆ ಕೇಳುತ್ತಾರೆ ಎಂದು ಮಾತಾಡಿಕೊಂಡರು.

ಮನೆಗೆ ಬಂದು ನನ್ನ ಹೆಂಡತಿ ಸಿದ್ಧಮ್ಮನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

“ಗೊತ್ತಿದ್ದೂ ಅಲ್ಲೇ ಹಚ್ತಾ ಇದೀಯಾ?”

“ಮೊದಲ ಎರಡು ದಿನ ಗೊತ್ತಿರಲಿಲ್ಲ.”

“ನಾಳೆ?”

“ನಾಳೆ ಗೊತ್ತಿರ್ತದೆ.”

ಅವಳು ಒಂದು ಕಲ್ಲು ತೆಗೆದು ಆಚೆ ಎಸೆದಳು. “ಬೀದೀಲಿ ಬದುಕ್ಬೇಕು ನಾವು, ನೆನಪಿರಲಿ,” ಅಂದಳು. ಒಲೆ ಬದಲಾಯಿಸು ಅನ್ನಲಿಲ್ಲ.

ಸಪ್ತಾಹ ಮುಗಿಯಿತು. ಪೆಂಡಾಲಿನ ಗಳ ಬಿಚ್ಚುವ ಕೆಲಸವನ್ನು ನಾಲ್ಕು ದಿನ ಎಳೆದರು. ಒಂದು ಗಂಟು ಬಿಚ್ಚುವುದು, ಬೀಡಿ ಸೇದುವುದು. ಐದನೇ ದಿನ ಮೋಜಣಿಯ ನಿಂಗರಾಜು ನಕ್ಷೆ ಹಿಡಿದು ಬಂದ. ಬೂದಿಯೆಲ್ಲ ಗುಡಿಸಿ, ಮಣ್ಣು ಎಳೆದು, ಬಯಲು ಸಮ ಮಾಡಿದ್ದರು. ಚನ್ನವೀರಪ್ಪ ಹೊಸ ಪಂಚೆ ಉಟ್ಟಿದ್ದ. ವಕೀಲೆಯೂ ಬಂದಿದ್ದರು. ದುರುಗವ್ವ ಮತ್ತು ಅವಳ ಹಿರಿಯ ಮಗ ದೂರದಲ್ಲಿ ಕೂತಿದ್ದರು.

ನಿಂಗರಾಜು ಚಪ್ಪಲಿ ಬಿಟ್ಟು ಕಾಲು ತೊಳೆದು ಒರೆಸಿಕೊಂಡು ನಡೆದ. ಹತ್ತು ಹೆಜ್ಜೆಗೆ ನಿಂತ. ಸುಣ್ಣದಲ್ಲಿ ಒಂದು ಗೆರೆ ಎಳೆದ. ಮತ್ತೆ ನಡೆದು ಮತ್ತೆ ನಿಂತ. ಆರು ಗೆರೆ ಎಳೆದ ಮೇಲೆ ಬಂದು, “ಎಲ್ಲಾ ಬಿಸಿ ಇವೆ. ಒಂದಂತೂ ಜಾಸ್ತಿನೇ ಇದೆ, ಕುಲುಮೆ ಇರಬೇಕು,” ಎಂದ.

“ಹೆಂಗೆ ಆಯ್ತದೆ? ಅದು ಸಪ್ತಾಹದ ಬೆಂಕಿ ಕಾವು,” ಎಂದ ಚನ್ನವೀರಪ್ಪ.

“ಏಳು ದಿನದ ಬೆಂಕಿ ಕಾವು ಒಂದು ರಾತ್ರಿಗೆ ಆರುತ್ತೆ ಸಾರ್, ನಿಮಗೇ ಗೊತ್ತು. ಇದು ಒಲೆ ಬಿಸಿ. ಹಳೇದು. ಅದರ ಮೇಲೆ ಈಚೆಗೆ ಬೆಂಕಿ ಬಿದ್ದಿದೆ, ಅದಕ್ಕೇ ಉಳಿದಿದೆ. ಹಚ್ಚಿದ್ದು ಯಾರು ಅಂತ ನೆಲ ಕೇಳಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಹದಿನೈದು ಇಪ್ಪತ್ತು ಜನ, ಎಲ್ಲರೂ ನನ್ನ ಕೈ ಅಡುಗೆ ಉಂಡವರು. “ಬಿಸಿ ನೆಲ ನೋಡಿ ಒಲೆ ಹೂಡೋದು ನನ್ನ ಅಭ್ಯಾಸ,” ಅಂದೆ. ಅದು ಮೊದಲ ಎರಡು ದಿನದ ಸತ್ಯ. ಉಳಿದ ಐದು ದಿನದ್ದು ಅಲ್ಲಿ ಯಾರೂ ಕೇಳಲಿಲ್ಲ.

ಮಾರನೇ ದಿನ ಚನ್ನವೀರಪ್ಪ ನನ್ನನ್ನು ಮತ್ತೆ ಮಹಡಿ ಹತ್ತಿಸಿದ. ಅವನು ರಾತ್ರಿಯೆಲ್ಲ ಯೋಚಿಸಿದ್ದ.

“ಲಾಯರಮ್ಮ, ಒಲೆ ನಮ್ಮದೇ ಅಂದ್ರೆ? ಮೂರು ವರ್ಷದಿಂದ ನಮ್ಮ ಬೀದಿ ಊಟಗಳಿಗೆ ಅಲ್ಲೇ ಬೆಂಕಿ ಹಾಕ್ತಾ ಬಂದೀವಿ, ಆ ಬಿಸಿ ಬೀದಿಯವರದು ಅಂತ. ರಾಚಪ್ಪಣ್ಣ ಹೇಳಿದ್ರೆ ಇಡೀ ಊರು ನಂಬ್ತದೆ.”

ಸರ್ವಮಂಗಳಮ್ಮ ನನ್ನನ್ನು ನೋಡಿದರು. “ಇವರು ಪ್ರಮಾಣ ಮಾಡಿ ಹೇಳಿದರೆ ನಾನು ಬರೀತೀನಿ. ಹೇಳದೇ ಇದ್ದರೆ ನಾನಾಗಿ ಒಂದು ಅಕ್ಷರ ಸೇರಿಸಲ್ಲ. ಹೇಳಿ ರಾಚಪ್ಪನವರೇ, ಹೋದ ವರ್ಷ ಈ ತಿಂಗಳು ಬೀದಿಯ ಊಟಕ್ಕೆ ಎಲ್ಲಿ ಒಲೆ ಹೂಡಿದ್ರಿ?”

ಬಯಲಲ್ಲಿ ಅಂದರೆ ಮುಗಿಯುತ್ತಿತ್ತು. ಚನ್ನವೀರಪ್ಪ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಿದ್ದ. ಆ ಕೈ ಭಾರವಾಗಿತ್ತು, ಬೆದರಿಕೆಯದಲ್ಲ, ಬೇಡಿಕೆಯದು. ನನಗೆ ಓದು ಅಷ್ಟಾಗಿ ಬರುವುದಿಲ್ಲ, ಆದರೆ ಯಾವ ದಿನ ಎಲ್ಲಿ ಏನು ಬೇಯಿಸಿದೆ ಎನ್ನುವುದು ಮರೆಯುವುದಿಲ್ಲ.

“ಹೋದ ವರ್ಷ ಈ ತಿಂಗಳು ಬೀದೀಲಿ ಎರಡು ಊಟ,” ಅಂದೆ. “ಸೋಮಣ್ಣನ ಮೊಮ್ಮಗನ ನಾಮಕರಣ, ಅವರ ಹಿತ್ತಲು, ಹುಣಸೆ ಮರದ ಕೆಳಗೆ. ಹೆಸರುಬೇಳೆ ಪಾಯಸ. ಆಮೇಲೆ ಚನ್ನವೀರಪ್ಪನ ತಾಯಿ ತಿಥಿ, ಅವರ ದನದ ಕೊಟ್ಟಿಗೆ ಪಕ್ಕ. ಅವತ್ತು ವಡೆ ಸ್ವಲ್ಪ ಎಣ್ಣೆ ಕುಡೀತು. ಅದರ ಹಿಂದಿನ ವರ್ಷ ಒಂದೇ ಊಟ, ಪಟೇಲರ ಮನೆ ಗೃಹಪ್ರವೇಶ, ಚಿತ್ರಾನ್ನ, ಕೋಸುಂಬರಿ. ಅದಕ್ಕೂ ಹಿಂದೆ ಇವರ ಮಗಳ ಮದುವೆ, ಬೀದೀಲೇ. ಬಯಲಲ್ಲಿ ನಾನು ಸೌದೆ ಹಚ್ಚಿದ್ದು ಈ ವರ್ಷ ಮಾತ್ರ. ಅಲ್ಲಿ ನಾನು ಚಿಕ್ಕವನಿದ್ದಾಗಿನಿಂದ ಬೆಂಕಿ ಹಚ್ಚಿದವರು ಕಮ್ಮಾರರೇ. ಇನ್ನೊಂದು ಮಾತು, ಬರಕೊಳ್ಳಿ. ಮೂರನೇ ದಿನದಿಂದ ನನಗೆ ಗೊತ್ತಿತ್ತು.”

ಸರ್ವಮಂಗಳಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಚನ್ನವೀರಪ್ಪ ಮೊಣಕಾಲಿನ ಮೇಲಿನ ಕೈ ತೆಗೆದ. ಮೆಟ್ಟಿಲು ಇಳಿಯುವಾಗ ಮೊದಲ ಸಲ ಅವನು ನನ್ನ ಮುಂದೆ ಹೋದ.

“ವಡೆ ಎಣ್ಣೆ ಕುಡಿದಿದ್ದೂ ಹೇಳ್ಬೇಕಿತ್ತಾ?” ಎಂದ, ತಿರುಗದೆ.

“ಕುಡಿದಿತ್ತಪ್ಪ.”

ಆ ಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ. ಬೀದಿಯಲ್ಲಿ ಆ ತಿಂಗಳು ಆದ ಒಂದು ಸೀಮಂತಕ್ಕೆ ಪಕ್ಕದ ಊರಿನ ಅಡುಗೆಯವರು ಗ್ಯಾಸ್ ಒಲೆ ಹೊತ್ತುಕೊಂಡು ಬಂದರು. ನಾನೂ ಹೆಂಡತಿಯೂ ಬಾಗಿಲು ಮುಂದೆ ಮಾಡಿಕೊಂಡು ಒಗ್ಗರಣೆಯ ವಾಸನೆ ಕುಡಿದೆವು. “ಸಾಸಿವೆ ಸೀದಿದೆ,” ಎಂದಳು ಸಿದ್ಧಮ್ಮ. ಸೀದಿತ್ತು. ಸೌಟು ಹಿಡಿಯದ ಕೈಗೆ ಏನು ಮಾಡಬೇಕೆಂದು ತಿಳಿಯದೆ ನಾನು ಹಿತ್ತಲಿನಲ್ಲಿ ಕಳೆ ಕಿತ್ತೆ. ಮೂರು ದಿನದಲ್ಲಿ ಕಳೆಯೂ ಮುಗಿಯಿತು.

ಬಯಲು ಪ್ಲಾನಿನಲ್ಲಿ ಕಮ್ಮಾರರ ಹೆಸರಿಗೇ ಉಳಿಯಿತು. ಅಳತೆಯಾದ ದಿನವೇ ಅವರು ಕೆರೆ ಏರಿಯಿಂದ ಬಂದು ಒಲೆ ಹಚ್ಚಿದ್ದರು. ತಿದಿಯ ಉಸಿರು, ಸುತ್ತಿಗೆಯ ಸದ್ದು ಮೊದಲಿನ ಹಾಗೆ ಕೇಳಿಸಿತು. ಬೀದಿಯವರು ಮೊದಮೊದಲು ಯಾರೂ ಹೋಗಲಿಲ್ಲ. ಸಿದ್ಧಮ್ಮ ಮೊದಲು ಈಳಿಗೆ ಮಣೆ ಎತ್ತಿಕೊಂಡು ಹೋದಳು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ, ಗಂಡಸರು ಆಫೀಸು ಅಂಗಡಿಗೆ ಹೋದ ಮೇಲೆ, ಸೆರಗಿನಡಿ ಅಲಗು ಇಟ್ಟುಕೊಂಡು ಹೋಗಿ ಬಂದರು.

ಮುನ್ಸಿಪಾಲಿಟಿಯಿಂದ ಮೊಹರು ಹಾಕಿದ ಕಾಗದ ಬಂದಾಗ ದುರುಗವ್ವ ಅದನ್ನು ನನ್ನ ಹತ್ತಿರ ತಂದಳು. ಓದುವವರು ಬೇರೆ ಬೇಕಾದಷ್ಟು ಜನ ಇದ್ದರು. ಆದರೂ ನನ್ನ ಹತ್ತಿರವೇ ತಂದಳು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ವರ್ಷಕ್ಕೆ ನಲವತ್ತೈದು ದಿನ ತಂಗಬಹುದು ಎಂದಿತ್ತು.

“ಹದಿನೈದು ದಿನ ಹೆಚ್ಚಿಗಿ ಕೊಟ್ಟಾರ,” ಎಂದು ಅವಳು ನಕ್ಕಳು. “ಅಷ್ಟು ದಿನ ಇಲ್ಲೇ ಕುಂತ್ರ ಮುಂದಿನ ಊರಾಗ ಜೋಳದ ಕೊಯ್ಲು ಮುಗಿದು ಹೋಗತೈತಿ. ನಮ್ಮ ಕುಡುಗೋಲು ಯಾರು ಕೇಳ್ತಾರ?”

ಆದರೆ ತಿಂಗಳಿಗೇ ಎದ್ದು ಹೋಗುತ್ತಾರೆ ಎಂದು ನಮ್ಮ ಬೀದಿ ನಂಬಿರಲಿಲ್ಲ. ಕಮ್ಮಾರರು ಬಂದು ಇಪ್ಪತ್ತೊಂಬತ್ತನೇ ದಿನ ಸಂಜೆ ಚನ್ನವೀರಪ್ಪ ಬಯಲಿಗೆ ಬಂದ. ಕೈಯಲ್ಲಿ ಎರಡು ಗುದ್ದಲಿ, ಒಂದು ಹಾರೆ. ಭವನಕ್ಕೆ ಸ್ಕೂಲಿನ ಹಿಂದೆ ಜಾಗ ಕೊಡುತ್ತೇವೆ ಎಂದು ಮುನ್ಸಿಪಾಲಿಟಿಯವರು ಹೇಳಿದ್ದರಂತೆ. ಅಲ್ಲಿ ಕಲ್ಲುನೆಲ. ನಾನು ದುರುಗವ್ವನ ಮಗನ ಹತ್ತಿರ ಕೂತಿದ್ದೆ. ಚನ್ನವೀರಪ್ಪ ನನ್ನನ್ನು ನೋಡದ ಹಾಗೆ ನಿಂತು, ದುರುಗವ್ವನಿಗೆ ಹೇಳಿದ: “ಮೊನೆ ಮಾಡಿಕೊಡಮ್ಮ. ಯಾವಾಗ ಬರಲಿ? ನೀವಿನ್ನೂ ಇರ್ತೀರಲ್ಲ.”

“ಈಗ ನಿಂತ್ಕೊ ಯಪ್ಪಾ, ಮಾಡಿ ಕೊಡ್ತೀವಿ. ನಾಳೆ ಹೋಗ್ತೀವಿ.”

“ನಾಳೆನಾ? ಇಲ್ಲಿಗೆ ಬಂದು ಕೂತು ಹದಿನೆಂಟೇ ದಿನ ಆಯ್ತಲ್ಲ.”

“ಕೆರಿ ಏರಿ ಮ್ಯಾಲೆ ಇದ್ದದ್ದೂ ನಮ್ಮ ತಿಂಗಳೇ ಅಲ್ಲೇನು? ನಾಳಿಗೆ ಮೂವತ್ತು.”

ಚನ್ನವೀರಪ್ಪ ಹಾರೆ ಕೆಂಪಗಾಗಿ, ನೀರಿಗೆ ಬಿದ್ದು, ಚೊಯ್ ಎಂದು ಆರುವವರೆಗೆ ನಿಂತಿದ್ದ. ಮೂರನ್ನೂ ಹೆಗಲಿಗೆ ಹಾಕಿಕೊಂಡು ಹೊರಟವನು ನಾಲ್ಕು ಹೆಜ್ಜೆ ಹೋಗಿ, “ಭವನದ ಗುದ್ದಲಿ ಪೂಜೆ ಶುಕ್ರವಾರ. ಐವತ್ತು ಜನಕ್ಕೆ ಊಟ,” ಎಂದ. ಯಾರಿಗೆ ಹೇಳಿದ ಎಂದು ಹೆಸರು ಹಿಡಿಯಲಿಲ್ಲ. ನಾನು, “ಆಗಲಿ,” ಅಂದೆ.

ಮಾರನೇ ಬೆಳಿಗ್ಗೆ ಬೀದಿಯವರಿಗೆಲ್ಲ ಹೊರಗೇ ಏನೋ ಒಂದು ಕೆಲಸ ಇತ್ತು. ಒಬ್ಬರು ಗುಡಿಸುತ್ತಿದ್ದರು, ಒಬ್ಬರು ಸೈಕಲ್ ಒರೆಸುತ್ತಿದ್ದರು, ಒಬ್ಬರು ಒಗೆದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತಿದ್ದರು. ಕಮ್ಮಾರರು ಒಲೆಗಳಿಗೆ ನೀರು ಚಿಮುಕಿಸಿ, ಎತ್ತು ಹೂಡಿ, ಟೆಂಪೊ ತಳ್ಳಿ ಶುರು ಮಾಡಿದರು. ಹೋದವರು ದುರುಗವ್ವ, ಅವಳ ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಲ್ಲ ಸೇರಿ ಹದಿನೇಳು ಜನ. ಹೋದದ್ದು ಬುಧವಾರ. ಕಾಗದದ ಪ್ರಕಾರ ಅವರಿಗೆ ಇನ್ನೂ ಹದಿನೈದು ದಿನ ಇತ್ತು.